ಯಾರೂ ಒಡೆಯದ ಬಾಗಿಲು: 1657ರ ಬೀದರ್ ಮುತ್ತಿಗೆಯ ಒಂದು ಪ್ರಕರಣ

ಬೀದರ್ ನಗರದ ದಕ್ಷಿಣ ದಿಕ್ಕಿನ ಹೆಬ್ಬಾಗಿಲಿಗೆ ಫತೇ ದರ್ವಾಜಾ, ಅಂದರೆ ವಿಜಯದ ಬಾಗಿಲು ಎಂದು ಹೆಸರು. 1657ರಲ್ಲಿ ಊರನ್ನು ಗೆದ್ದ ಔರಂಗಜೇಬ ಇದೇ ಬಾಗಿಲಿನಿಂದ ಒಳಗೆ ಬಂದನಂತೆ. ಅದಕ್ಕೇ ಈ ಹೆಸರು. ಕೇಳಿದವರ ಕಣ್ಣಮುಂದೆ ಆನೆಗಳು ಹಣೆ ಕೊಟ್ಟು ಕದ ಮುರಿದ ದೃಶ್ಯ ಬರುವುದು ಸಹಜ. ನಡೆದದ್ದು ಹಾಗಲ್ಲ. ಆ ವರ್ಷದ ಮಾರ್ಚ್ ತಿಂಗಳಲ್ಲಿ 27 ದಿನ ನಡೆದ ಮುತ್ತಿಗೆಯಲ್ಲಿ ಮೊಗಲರು ಒಳಗೆ ಬಂದದ್ದು ಕೊತ್ತಲವೊಂದನ್ನು, ಅಂದರೆ ಗೋಡೆಯಿಂದ ಹೊರಚಾಚಿದ ಬುರುಜೊಂದನ್ನು, ಹತ್ತಿ. ಮುತ್ತಿಗೆಯ ಕಥೆಯಲ್ಲಿ ಬಾಗಿಲಿನ ಮಾತು ಬರುವುದು ಕಟ್ಟಕಡೆಗೆ, ಬೀಗದ ಕೈಗಳು ಕೈ ಬದಲಾಯಿಸುವಾಗ.

ದಖ್ಖನಿನ ಕೋಟೆಗಳ ಬಗ್ಗೆ ಬರೆಯುವವರು ಬಾಗಿಲುಗಳನ್ನು ಹೊಗಳುವಾಗ ಎತ್ತರ, ಕೆತ್ತನೆ, ಕದದ ಮುಳ್ಳುಗಳನ್ನು ವರ್ಣಿಸಿ ಮುಗಿಸುತ್ತಾರೆ. ಅದು ರಕ್ಷಣೆಗಾಗಿ ಕಟ್ಟಿದ ಯಂತ್ರ ಎಂದಾದರೆ ಕೇಳಬೇಕಾದ ಪ್ರಶ್ನೆ ಬೇರೆ: ಶತ್ರು ಅದನ್ನು ನೋಡಿ ಏನು ತೀರ್ಮಾನಿಸಿದ? ಬೀದರಿನ ಪ್ರಕರಣದಲ್ಲಿ ಆ ಶತ್ರು ಸಾಮಾನ್ಯನಲ್ಲ. ಔರಂಗಜೇಬನ ಜೊತೆಗಿದ್ದ ಮೀರ್ ಜುಮ್ಲಾ ಗೋಲ್ಕೊಂಡದ ಸೇವೆಯಲ್ಲಿ ವರ್ಷಗಟ್ಟಲೆ ಕಳೆದು, ದಖ್ಖನಿನ ಕೋಟೆಗಳ ಒಳಹೊರಗನ್ನು ಬಲ್ಲವನಾಗಿದ್ದ. ಅಂಥವನು ಬಾಗಿಲನ್ನು ಬಿಟ್ಟು ಕೊತ್ತಲದ ಎದುರು ತೋಪು ಹೂಡಿದ್ದೇಕೆ ಎಂಬುದನ್ನು ಬಿಡಿಸಿ ನೋಡುವುದು ಈ ಬರಹದ ಕೆಲಸ.

ನೆಲದ ಕಥೆ

ಬಹಮನಿ ಸುಲ್ತಾನ ಅಹಮದ್ ಶಾಹ 1420ರ ದಶಕದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. 1432ರ ಹೊತ್ತಿಗೆ ಕೋಟೆಯ ಮುಖ್ಯ ಕೆಲಸ ಮುಗಿದಿತ್ತು. ಜಾಗದ ಆಯ್ಕೆಯಲ್ಲಿಯೇ ಅರ್ಧ ರಕ್ಷಣೆ ಅಡಗಿದೆ. ಬೀದರ್ ಇರುವುದು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನಲ್ಲಿ. ಉತ್ತರ ಮತ್ತು ಪೂರ್ವಕ್ಕೆ ನೆಲ ಕಡಿದಾಗಿ ಇಳಿದು ಬಯಲಿಗೆ ಸೇರುತ್ತದೆ. ಆ ಕಡೆಯಿಂದ ತೋಪು ಎಳೆದುಕೊಂಡು ಬರುವುದು ಹಾಗಿರಲಿ, ಏಣಿ ಹೊತ್ತು ಬರುವುದೂ ಕಷ್ಟ. ದಕ್ಷಿಣ ಮತ್ತು ಪಶ್ಚಿಮದಲ್ಲಿ ಮಾತ್ರ ಪ್ರಸ್ಥಭೂಮಿ ಮಟ್ಟಸವಾಗಿ ಚಾಚಿದೆ. ಊರು ಬೆಳೆದದ್ದು ಕೋಟೆಯ ದಕ್ಷಿಣಕ್ಕೆ. ಆದ್ದರಿಂದ ರಾಜ, ವ್ಯಾಪಾರಿ, ಶತ್ರು ಮೂವರಿಗೂ ಕೋಟೆಯ ಮುಖ್ಯ ದಾರಿ ಒಂದೇ: ಊರಿನ ಕಡೆಯಿಂದ, ಆಗ್ನೇಯ ಮೂಲೆಯಲ್ಲಿ.

ಕಂದಕವನ್ನು ಅಗೆದು ಮಾಡಿದ್ದಲ್ಲ, ಬಂಡೆಯಲ್ಲಿ ಕಡಿದು ಮಾಡಿದ್ದು. ಜಂಬಿಟ್ಟಿಗೆಯ ಗುಣವೇ ಅದು: ನೆಲದಲ್ಲಿರುವಾಗ ಕಡಿಯಲು ಬಗ್ಗುತ್ತದೆ, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ನೆಲ ಮಟ್ಟಸವಾಗಿದ್ದ ಕಡೆ ಕಂದಕವನ್ನು ಒಂದೇ ಹಳ್ಳವಾಗಿ ತೋಡದೆ, ನಡುವೆ ಬಂಡೆಯ ಗೋಡೆಗಳನ್ನು ಹಾಗೆಯೇ ಉಳಿಸಿಕೊಂಡು ಮೂರು ಹಳ್ಳಗಳಾಗಿ ಕಡಿದರು. ಮೊಗಲ್ ಇತಿಹಾಸಕಾರರ ಲೆಕ್ಕದಲ್ಲಿ ಕೋಟೆಯ ಸುತ್ತಳತೆ 4,500 ಗಜ, ಗೋಡೆಯ ಎತ್ತರ 12 ಗಜ, ಕಂದಕಗಳು 25 ಗಜ ಅಗಲ, 15 ಗಜ ಆಳ. ಗೆದ್ದವರು ತಾವು ಗೆದ್ದ ಕೋಟೆಯನ್ನು ಸ್ವಲ್ಪ ದೊಡ್ಡದಾಗಿಯೇ ವರ್ಣಿಸುವುದು ವಾಡಿಕೆ. ಆದರೆ ಬೀದರಿನ ಕಂದಕದ ಅಂಚಿನಲ್ಲಿ ನಿಂತು ನೋಡಿದವರಿಗೆ ಈ ಲೆಕ್ಕ ಬಹಳ ಹಿಗ್ಗಿಸಿದ್ದು ಎನಿಸುವುದಿಲ್ಲ.

ಮುತ್ತಿಗೆ ಹಾಕುವವನು ಕಂದಕವನ್ನು ಮಣ್ಣು, ಮರ, ಹುಲ್ಲಿನ ಹೊರೆಗಳಿಂದ ತುಂಬಿ ದಾರಿ ಮಾಡಿಕೊಳ್ಳುತ್ತಾನೆ. ಇಲ್ಲಿ ಒಂದನ್ನು ತುಂಬಿದರೆ ಎದುರಿಗೆ ಇನ್ನೊಂದು ಬಂಡೆಗೋಡೆ, ಅದರಾಚೆ ಇನ್ನೊಂದು ಹಳ್ಳ. ಅಷ್ಟು ಹೊತ್ತೂ ಮೇಲಿನಿಂದ ಗುಂಡಿನ ಮಳೆ. ಇಷ್ಟು ಖರ್ಚು ಮಾಡಿ ಕಂದಕ ಕಡಿದ ಮೇಲೆ ಅದಕ್ಕೆ ಅಡ್ಡಲಾಗಿ ದಾರಿಯೊಂದನ್ನು ಬಿಡಲೇಬೇಕು. ಬಾಗಿಲಿನ ಸಮಸ್ಯೆ ಹುಟ್ಟುವುದು ಇಲ್ಲಿಯೇ.

ತೆರೆದಿರಬೇಕಾದ ರಂಧ್ರ

ಕೋಟೆಯ ಗೋಡೆಗೆ ಒಂದೇ ಕೆಲಸ. ಬಾಗಿಲಿಗೆ ಎರಡು, ಅವು ಒಂದಕ್ಕೊಂದು ವಿರುದ್ಧ. ಬೆಳಿಗ್ಗೆಯಿಂದ ಸಂಜೆಯವರೆಗೆ ಅದು ತೆರೆದಿರಬೇಕು: ಧಾನ್ಯದ ಬಂಡಿ, ಮೇವಿನ ಹೊರೆ, ನೀರಿನ ಎತ್ತು, ಸುಂಕದ ಲೆಕ್ಕ. ಬೀದರಿನಂಥ ರಾಜಧಾನಿಯಲ್ಲಿ ಅಂಬಾರಿ ಹೊತ್ತ ಆನೆ ತಲೆ ತಗ್ಗಿಸದೆ ಒಳಗೆ ಬರಬೇಕು, ಕುದುರೆ ಸವಾರರು ಸಾಲಾಗಿ ಹೊರಡಬೇಕು, ಪರದೇಶದ ರಾಯಭಾರಿ ಬಾಗಿಲನ್ನು ನೋಡಿಯೇ ಬೆರಗಾಗಬೇಕು. ಅಂದರೆ ಎತ್ತರ ಬೇಕು, ಅಗಲ ಬೇಕು, ಅಂದ ಬೇಕು. ಅಂಬಾರಿ ಹೊತ್ತ ಆನೆ ಬರುವಷ್ಟು ದೊಡ್ಡ ಬಾಗಿಲಿನಲ್ಲಿ ಶತ್ರುವಿನ ಆನೆಯೂ ಬರುತ್ತದೆ.

ಬೀದರಿನ ಶಿಲ್ಪಿಗಳು ಇದಕ್ಕೆ ಕೊಟ್ಟ ಉತ್ತರವೆಂದರೆ ಬಾಗಿಲನ್ನು ಚಿಕ್ಕದು ಮಾಡದೆ ದಾರಿಯನ್ನು ಉದ್ದ ಮಾಡಿದ್ದು. ಕೋಟೆಯ ಮುಖ್ಯ ಪ್ರವೇಶ ಒಂದು ಬಾಗಿಲಲ್ಲ, ಮೂರರ ಸರಣಿ. ಹೊರಗಿನದು ಮೊದಲ ತಡೆ. ಅದನ್ನು ದಾಟಿದರೆ ಶರ್ಜಾ ದರ್ವಾಜಾ, ಕಮಾನಿನ ಇಕ್ಕೆಲದಲ್ಲಿ ಹುಲಿಗಳ ಕೆತ್ತನೆ ಇರುವುದು. ಮಹಮೂದ್ ಶಾಹ ಬಹಮನಿಯ ಕಾಲದ, 1503ರ ಶಾಸನ ಅದರ ಮೇಲಿದೆ. ಮೇಲಂತಸ್ತಿನಲ್ಲಿ ನಗಾರಿ ಬಾರಿಸುವವರ ಜಾಗ. ಕೊನೆಯದು ಗುಂಬದ್ ದರ್ವಾಜಾ, ಬುಡದಲ್ಲಿ ದಪ್ಪಗಿದ್ದು ಮೇಲೆ ಹೋದಂತೆ ಒಳಕ್ಕೆ ವಾಲುವ ಗೋಡೆಗಳು, ನೆತ್ತಿಯ ಮೇಲೆ ಭಾರಿ ಗುಮ್ಮಟ. ದೆಹಲಿಯ ತುಘಲಕರ ಕಟ್ಟಡಗಳನ್ನು ನೋಡಿದವರಿಗೆ ಈ ಗೋಡೆಯ ಓರೆ ಎಲ್ಲಿಂದ ಬಂತು ಎಂದು ಹೇಳಬೇಕಿಲ್ಲ.

ಈ ದಾರಿಯಲ್ಲಿ ಶತ್ರುವಿನ ಆನೆಯೊಂದನ್ನು ನಡೆಸಿಯೇ ನೋಡೋಣ. ಆನೆಯ ಬಲವಿರುವುದು ಅದರ ಭಾರ ಮತ್ತು ಓಟದಲ್ಲಿ. ಬಯಲಿನಲ್ಲಿ ಓಡಿ ಬಂದು ಹಣೆಯಿಂದ ಗುದ್ದಿದರೆ ಎಂಥ ಕದವೂ ಅದುರುತ್ತದೆ. ಮೊದಲ ಬಾಗಿಲಿಗೆ ಅಷ್ಟು ಅವಕಾಶ ಇದೆ ಎಂದುಕೊಳ್ಳೋಣ. ಅದು ಬಿತ್ತು ಎಂದೇ ಇಟ್ಟುಕೊಳ್ಳೋಣ. ಒಳಗೆ ಬಂದ ಆನೆಗೆ ಮುಂದಿನ ಕದ ನೇರವಾಗಿ ಸಿಗುವುದಿಲ್ಲ, ದಾರಿ ತಿರುಗುತ್ತದೆ. ತಿರುವಿನಲ್ಲಿ ಆನೆ ನಿಧಾನಿಸಲೇಬೇಕು. ಸುತ್ತ ಎತ್ತರದ ಗೋಡೆ, ಮೇಲೆ ಕಾವಲಿನವರು. ಹಿಂದಿನಿಂದ ನುಗ್ಗುವ ಸ್ವಂತ ಪಡೆ ಆನೆಯನ್ನು ಹಿಂದಕ್ಕೂ ಬಿಡುವುದಿಲ್ಲ. ಇಕ್ಕಟ್ಟಿನಲ್ಲಿ ಗಾಯಗೊಂಡ ಆನೆ ಯಾರ ಕಡೆಯವರನ್ನು ತುಳಿಯುತ್ತದೆ ಎಂಬುದು ಮಾವುತನ ಕೈಯಲ್ಲೂ ಇರುವುದಿಲ್ಲ. ಓಟ ಕಳೆದುಕೊಂಡ ಆನೆ ಮುಂದಿನ ಕದದ ಎದುರು ನಿಂತಾಗ ಅದರ ಹಣೆಯ ಮಟ್ಟದಲ್ಲಿ ಕಬ್ಬಿಣದ ಮುಳ್ಳುಗಳು. ಮುಳ್ಳಿಗೆ ಪ್ರತಿಯಾಗಿ ಆನೆಯ ಹಣೆಗೆ ಲೋಹದ ತಗಡು ಕಟ್ಟುವ ಉಪಾಯವೂ ಇತ್ತು. ಆದರೆ ತಗಡು ಗಾಯವನ್ನು ತಡೆದೀತು, ಓಟವನ್ನು ಮರಳಿ ಕೊಡದು. ಆನೆಗೆ ನಿಜವಾದ ಉತ್ತರ ಮುಳ್ಳಲ್ಲ, ತಿರುವು.

ಕೋಟೆಯ ಬಾಗಿಲಿನ ತಿರುವಿಗೆ ಪುಸ್ತಕಗಳಲ್ಲಿ ಸಿಗುವ ಇನ್ನೊಂದು ವಿವರಣೆ ಎಂದರೆ, ಎಡಗೈಯಲ್ಲಿ ಗುರಾಣಿ ಹಿಡಿದವನ ಬಲಮಗ್ಗುಲು ಗೋಡೆಯ ಮೇಲಿನವರ ಗುರಿಗೆ ಬಯಲಾಗುತ್ತದೆ ಎಂಬುದು. ಯೂರೋಪಿನ ಮತ್ತು ಪಶ್ಚಿಮ ಏಷ್ಯಾದ ಕೋಟೆಗಳ ಬಗ್ಗೆ ಹೇಳಿದ್ದನ್ನು ನಮ್ಮಲ್ಲಿ ಹಾಗೆಯೇ ಎತ್ತಿಕೊಂಡು ಹೇಳುವುದು ರೂಢಿಯಾಗಿದೆ. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ದಖ್ಖನಿನಲ್ಲಿ ಬಾಗಿಲಿನ ಮುಂದೆ ನಿಲ್ಲುತ್ತಿದ್ದ ದೊಡ್ಡ ಭಯ ಆನೆ. ವಿಜಯನಗರದ ಭೀಮನ ಬಾಗಿಲಿನಲ್ಲಿ ದಾರಿ ಮುರಿದು ಮುರಿದು ಹೋಗುವುದನ್ನು ನೋಡಿ, ದೇವಗಿರಿಯ ಕೋಟೆಯ ಬಾಗಿಲುಗಳು ಎದುರುಬದುರಾಗಿ ಬಾರದಂತೆ ಓರೆಯಾಗಿ ಕೂರಿಸಿರುವುದನ್ನು ನೋಡಿ. ಎಲ್ಲ ಕಡೆ ನೇರ ಓಟವನ್ನು ಕಸಿದುಕೊಳ್ಳುವುದೇ ಮೊದಲ ಗುರಿ. ಗುರಾಣಿಯ ಲಾಭ ಸಿಕ್ಕಿದರೆ ಸಿಗಲಿ ಎಂಬಂತಿದೆ.

ಇನ್ನು ಕದ. ಕಬ್ಬಿಣದ ತಗಡು ಹೊದಿಸಿದರೂ ಕದದ ಜೀವ ಮರದ್ದೇ. ಆದ್ದರಿಂದ ಆನೆಯ ನಂತರದ ಭಯ ಬೆಂಕಿ. ರಾತ್ರಿ ಕದದ ಬುಡಕ್ಕೆ ಎಣ್ಣೆ ಸುರಿದ ಸೌದೆ ಒಟ್ಟಿ ಕಿಚ್ಚಿಟ್ಟರೆ ಸಾಕು. ಬಾಗಿಲಿನ ಕಮಾನಿನ ಮೇಲೆ ಗೋಡೆಯಿಂದ ಹೊರಚಾಚಿ, ತಳ ತೆರೆದ ಗೂಡು ಕಟ್ಟುತ್ತಿದ್ದುದು ಇಂಥ ಸಂದರ್ಭಕ್ಕೆ. ಗೋಡೆಯ ತೆನೆಗಳ ಮರೆಯಲ್ಲಿ ನಿಂತವನಿಗೆ ನೇರ ಕೆಳಗಿನ ಶತ್ರು ಕಾಣುವುದಿಲ್ಲ. ಕಾಣಬೇಕಾದರೆ ಬಗ್ಗಬೇಕು, ಬಗ್ಗಿದರೆ ಸಾಯಬೇಕು. ಗೂಡಿನಲ್ಲಿ ನಿಂತವನಿಗೆ ಆ ಕಷ್ಟವಿಲ್ಲ. ಅಲ್ಲಿಂದ ಕಾಯಿಸಿದ ಎಣ್ಣೆ ಸುರಿಯುತ್ತಿದ್ದರು ಎಂದು ಮಾರ್ಗದರ್ಶಿಗಳು ಹೇಳುವುದುಂಟು. ಎಣ್ಣೆ ದುಬಾರಿ ವಸ್ತು, ಮುತ್ತಿಗೆಯ ಕಾಲದಲ್ಲಂತೂ ಊಟದ ವಸ್ತು. ಕಲ್ಲು ಪುಕ್ಕಟೆ. ಬೆಂಕಿ ಬಿದ್ದ ಕದದ ಮೇಲೆ ಸುರಿಯಲು ನೀರು ಎಲ್ಲಕ್ಕಿಂತ ಉಪಯೋಗದ್ದು. ಅದರ ಬಗ್ಗೆ ಯಾರೂ ರೋಚಕವಾಗಿ ಹೇಳುವುದಿಲ್ಲ.

ಕದದ ಹಿಂದೆ ಅಗುಳಿ. ಇಡೀ ಮರದ ತೊಲೆ ಗೋಡೆಯ ಪೊಟರೆಯೊಳಗೆ ಸರಿದು ಕೂರುತ್ತದೆ, ಎಳೆದರೆ ಕದದ ಅಡ್ಡಕ್ಕೆ ಬಂದು ಎದುರು ಗೋಡೆಯ ಗುಂಡಿಯಲ್ಲಿ ನಿಲ್ಲುತ್ತದೆ. ಆಗ ಹೊರಗಿನ ಒತ್ತಡವನ್ನು ತಡೆಯುವುದು ತಿರುಗಣಿಯೂ ಅಲ್ಲ, ಮೊಳೆಯೂ ಅಲ್ಲ, ಗೋಡೆಯೇ. ಸಂಜೆ ಹೆಬ್ಬಾಗಿಲು ಮುಚ್ಚಿದ ಮೇಲೆ ಹೊರಗುಳಿದವರಿಗಾಗಿ ಕದದಲ್ಲಿಯೇ ಒಂದು ದಿಡ್ಡಿ. ಅದರಲ್ಲಿ ಬರುವವನು ಬಗ್ಗಿ, ತಲೆ ಮುಂದೆ ಮಾಡಿ, ಕಾಲೆತ್ತಿ ದಾಟಬೇಕು. ಒಳಗಿರುವ ಕಾವಲುಗಾರನಿಗೆ ಮೊದಲು ಸಿಗುವುದು ಬಂದವನ ಕುತ್ತಿಗೆ.

ಗುಂಬದ್ ದರ್ವಾಜಾದಲ್ಲಿ ಇವೆಲ್ಲದರ ಜೊತೆಗೆ ಇನ್ನೊಂದು ಅನುಕೂಲವಿದೆ: ಆಳ. ಅದು ಗೋಡೆಯಲ್ಲಿನ ತೂತಲ್ಲ, ಒಂದು ಕಟ್ಟಡ. ಬಿಸಿಲಿನಿಂದ ಗುಮ್ಮಟದ ಕೆಳಗೆ ಬಂದವನಿಗೆ ಒಂದೆರಡು ಗಳಿಗೆ ಏನೂ ಕಾಣದು, ಒಳಗಿನ ನೆರಳಿಗೆ ಕಣ್ಣು ಹೊಂದಿಸಿಕೊಂಡವರಿಗೆ ಅವನು ಸ್ಪಷ್ಟವಾಗಿ ಕಾಣುತ್ತಾನೆ. ಈ ಉಪಾಯದ ಅತಿರೇಕ ನೋಡಬೇಕಾದರೆ ದೇವಗಿರಿಯ ಬಂಡೆಯೊಳಗಿನ ಕತ್ತಲ ಸುರಂಗಕ್ಕೆ ಹೋಗಬೇಕು. ಬೀದರಿನದು ಅಷ್ಟು ಕ್ರೂರವಲ್ಲ, ಎಷ್ಟಾದರೂ ಅರಮನೆಗೆ ಹೋಗುವ ರಾಜಮಾರ್ಗ.

ಕೋಟೆಗೆ ಬೇರೆ ಬಾಗಿಲುಗಳೂ ಇವೆ: ಮಾಂಡು, ಕಲ್ಮಡಗಿ, ದೆಹಲಿ, ಕಲ್ಯಾಣಿ, ಕರ್ನಾಟಕ ದರ್ವಾಜಾಗಳು. ನಗರದ ಗೋಡೆಗೆ ಐದು: ಶಾಹಗಂಜ್, ಫತೇ, ಮಂಗಲ್‌ಪೇಟ್, ದುಲ್ಹನ್, ತಲ್‌ಘಾಟ್. ನಗರದ ಗೋಡೆಯನ್ನು ಈಗಿನ ರೂಪಕ್ಕೆ ತಂದದ್ದು 1550ರ ದಶಕದಲ್ಲಿ, ಬಹಮನಿಗಳ ನಂತರ ಬೀದರನ್ನು ಆಳಿದ ಬರೀದ್ ಶಾಹಿಗಳ ಅಲಿ ಬರೀದನ ಕಾಲದಲ್ಲಿ. ಊರಿನ ನಟ್ಟನಡುವೆ ನಾಲ್ಕು ದಾರಿ ಸೇರುವಲ್ಲಿ ಚೌಬಾರ ಎಂಬ 71 ಅಡಿ ಎತ್ತರದ ದುಂಡು ಗೋಪುರವಿದೆ. ಅಲ್ಲಿ ನಿಂತರೆ ಸುತ್ತಲಿನ ಪ್ರಸ್ಥಭೂಮಿಯೆಲ್ಲ ಕಾಣುತ್ತದೆ. ಬಾಗಿಲು ಮುಚ್ಚಬೇಕಾದರೆ ಧೂಳು ಎದ್ದದ್ದು ಮೊದಲು ಕಾಣಬೇಕಲ್ಲ.

ಒಳಗಿನವರು ಮುಚ್ಚಿದ ಬಾಗಿಲು

ಇಷ್ಟೆಲ್ಲ ಇದ್ದೂ ಬಾಗಿಲಿಗೊಂದು ಹುಟ್ಟುದೋಷವಿದೆ: ಒಳಗಿನವನು ಯಾರು ಎಂಬುದು ಅದಕ್ಕೆ ತಿಳಿಯದು. 1487ರಲ್ಲಿ ಮಹಮೂದ್ ಶಾಹ ಬಹಮನಿಯ ವಿರುದ್ಧ ಇದೇ ಕೋಟೆಯೊಳಗೆ ಸಂಚು ನಡೆಯಿತು. ದಂಗೆಕೋರರು ಒಳಗೆ ಸೇರಿಕೊಂಡು, ಹೊರಗಿನಿಂದ ಸುಲ್ತಾನನ ನೆರವಿಗೆ ಯಾರೂ ಬಾರದಂತೆ ಬಾಗಿಲು ಮುಚ್ಚಿದರು. ಸುಲ್ತಾನ ಹೇಗೋ ಶಾಹ ಬುರ್ಜ್ ಎಂಬ ಬುರುಜನ್ನು ಸೇರಿ ಪ್ರಾಣ ಉಳಿಸಿಕೊಂಡ. ಶತ್ರುವನ್ನು ತಡೆಯಲು ಕಟ್ಟಿದ ಅಷ್ಟೂ ಏರ್ಪಾಡು ಆ ರಾತ್ರಿ ಅವನ ಮಿತ್ರರನ್ನು ತಡೆಯಿತು. ಮರುದಿನ ಬೀದರಿನ ಬೀದಿಗಳಲ್ಲಿ ನಡೆದ ಕೊಲೆಗಳು ಬಹಮನಿ ರಾಜ್ಯ ಒಡೆಯುವುದಕ್ಕೆ ಕಾರಣವಾದ ಬಣಜಗಳದ ಒಂದು ಭಾಗ. ಅದು ಬೇರೆಯೇ ಕಥೆ.

ಇನ್ನೊಂದು ದೋಷ ತಡವಾಗಿ ಕಾಣಿಸಿಕೊಂಡಿತು. ಬಾಗಿಲು ಎಷ್ಟು ಬಿಗಿಯಾದರೂ ಅದರ ಪಕ್ಕದ ಗೋಡೆ ಅಷ್ಟೇ ಬಿಗಿಯಾಗಿರಬೇಕು. 1520ರಲ್ಲಿ ಕೃಷ್ಣದೇವರಾಯ ರಾಯಚೂರಿಗೆ ಮುತ್ತಿಗೆ ಹಾಕಿದ್ದನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನುನಿಜ್ ವಿವರವಾಗಿ ಬರೆದಿಟ್ಟಿದ್ದಾನೆ. ರಾಯನ ಸೈನಿಕರು ಬಾಗಿಲಿಗೆ ತಲೆ ಕೊಡಲಿಲ್ಲ. ಗಾರೆ ಹಾಕದೆ ಕಟ್ಟಿದ್ದ ಗೋಡೆಯ ಬುಡಕ್ಕೆ ಹೋಗಿ ಗುದ್ದಲಿ, ಹಾರೆಗಳಿಂದ ಕಲ್ಲು ಕಿತ್ತರು. ಕಿತ್ತು ತಂದ ಕಲ್ಲಿಗೆ ಹಣ ಕೊಡುವ ವ್ಯವಸ್ಥೆಯನ್ನೂ ರಾಯನ ಸೇನಾನಿಗಳು ಮಾಡಿದ್ದರು. ಗೋಡೆಯ ಮೇಲಿನ ತೋಪುಗಳು ದೂರದ ಗುರಿಗೆ ಹೊಂದಿಸಿದವು, ಬುಡದಲ್ಲಿ ನಿಂತವನನ್ನು ಹೊಡೆಯಲಾರವು. ಕ್ರಿಸ್ಟೊವಾವ್ ದ ಫಿಗೆರೆದೊ ಎಂಬ ಪೋರ್ಚುಗೀಸನ ಬಂದೂಕಿನವರು ಗೋಡೆಯ ಮೇಲೆ ತಲೆ ತೋರಿಸಿದವರನ್ನು ಹೊಡೆಯತೊಡಗಿದ ಮೇಲೆ ಕಲ್ಲು ಕೀಳುವವರ ಕೆಲಸ ಹಗುರವಾಯಿತು. ಕೋಟೆಯ ನಾಯಕ ಏನಾಗುತ್ತಿದೆ ಎಂದು ಬಗ್ಗಿ ನೋಡಲು ಹೋಗಿ ಹಣೆಗೆ ಗುಂಡು ಬಿದ್ದು ಸತ್ತ. ಮರುದಿನ ಊರು ಶರಣಾಯಿತು.

ಬೀದರಿನಲ್ಲಿ ಈ ಉಪಾಯ ನಡೆಯುವಂತಿರಲಿಲ್ಲ. ಬುಡ ಮುಟ್ಟಬೇಕಾದರೆ ಮೂರು ಕಂದಕ ಇಳಿದು ಹತ್ತಬೇಕು. ಹದಿನಾರನೆಯ ಶತಮಾನದ ನಡುವಿನ ನಂತರ ದಖ್ಖನಿನಲ್ಲಿ ಕೊತ್ತಲಗಳ ಸ್ವರೂಪವೂ ಬದಲಾಗಿತ್ತು: ಎತ್ತರದ, ಗಟ್ಟಿಮುಟ್ಟಾದ ಕಟ್ಟೆಗಳು, ಅವುಗಳ ಮೇಲೆ ಗೂಟದ ಮೇಲೆ ತಿರುಗುವ ಉದ್ದ ನಳಿಗೆಯ ತೋಪುಗಳು. ಬೀದರ್ ಬಿದ್ದಾಗ ಮೊಗಲರ ವಶಕ್ಕೆ ಬಂದ ತೋಪುಗಳು 230. ಬಾಗಿಲಿನ ಎದುರಿನ ಬಯಲು ಇವುಗಳ ಕೈಯಳತೆಯಲ್ಲಿತ್ತು. ಬಾಗಿಲನ್ನು ಈಗ ಕಾಯುತ್ತಿದ್ದುದು ಕದಕ್ಕಿಂತ ಹೆಚ್ಚಾಗಿ ಅದರ ಪಕ್ಕದ ಕೊತ್ತಲಗಳು.

ಮಾರ್ಚ್ 1657

ಬಿಜಾಪುರದ ಮುಹಮ್ಮದ್ ಆದಿಲ್ ಶಾಹ 1656ರ ನವೆಂಬರಿನಲ್ಲಿ ತೀರಿಕೊಂಡ. ಪಟ್ಟಕ್ಕೆ ಬಂದ ಹುಡುಗನ ಹುಟ್ಟಿನ ಬಗ್ಗೆ ತಕರಾರು ತೆಗೆದು, ದಖ್ಖನಿನ ಮೊಗಲ್ ಸುಬೇದಾರನಾಗಿದ್ದ ರಾಜಕುಮಾರ ಔರಂಗಜೇಬ ತಂದೆ ಶಹಜಹಾನನಿಂದ ದಂಡಯಾತ್ರೆಗೆ ಒಪ್ಪಿಗೆ ಪಡೆದ. 1657ರ ಜನವರಿಯಲ್ಲಿ ಔರಂಗಾಬಾದಿನಿಂದ ಹೊರಟ ಸೇನೆ ಫೆಬ್ರುವರಿ ಕೊನೆಗೆ ಬೀದರಿನ ಹತ್ತಿರ ಬಂತು. ಬೀದರ್ ಆಗ ಬಿಜಾಪುರದ ಗಡಿಕೋಟೆ. ಅದರ ಕಿಲ್ಲೇದಾರ ಸಿದ್ದಿ ಮರ್ಜಾನ್, ಆಫ್ರಿಕಾ ಮೂಲದವನು, ಸುಮಾರು ಮೂವತ್ತು ವರ್ಷ ಅದೇ ಕೋಟೆಯನ್ನು ಕಾದ ಮುದುಕ. ಅವನ ಕೈಕೆಳಗೆ ಸಾವಿರದಷ್ಟು ಸವಾರರು, ನಾಲ್ಕು ಸಾವಿರದಷ್ಟು ಕಾಲಾಳುಗಳು.

ಮರ್ಜಾನ್ ಸುಮ್ಮನೆ ಬಾಗಿಲು ಹಾಕಿಕೊಂಡು ಕೂರಲಿಲ್ಲ. ಅವನ ಜನ ಹೊರಬಂದು ಮೊಗಲರ ಅಗೆತದ ಮೇಲೆ, ಅಂದರೆ ಮರೆಯಲ್ಲಿ ಮುಂದುವರಿಯಲು ಅವರು ತೋಡುತ್ತಿದ್ದ ಕಾಲುವೆಗಳ ಮೇಲೆ, ಬೀಳುತ್ತಿದ್ದರು. ಬಾಗಿಲಿನ ಇನ್ನೊಂದು ಉಪಯೋಗ ಇದು. ಇದನ್ನು ನಾವು ಮರೆಯುತ್ತೇವೆ. ಮುತ್ತಿಗೆಗೆ ಒಳಗಾದವನಿಗೆ ಬಾಗಿಲು ದಾಳಿ ಮಾಡುವ ದಾರಿಯೂ ಹೌದು. ತಿರುವುಗಳ ಒಳಗೆ ಹೊರಗಿನವರ ಕಣ್ಣಿಗೆ ಬೀಳದಂತೆ ಸವಾರರನ್ನು ಕೂಡಿಸಿ ಹಠಾತ್ತನೆ ಹೊರಬಿಡಬಹುದು, ಬೆನ್ನಟ್ಟಿ ಬಂದವರನ್ನು ಅದೇ ತಿರುವುಗಳಲ್ಲಿ ಸಿಕ್ಕಿಸಬಹುದು.

ಮೀರ್ ಜುಮ್ಲಾ ತನ್ನ ತೋಪುಗಳನ್ನು ಕಂದಕದ ಅಂಚಿಗೆ ತಂದು ಕೊತ್ತಲಗಳಿಗೆ ಗುರಿ ಇಟ್ಟ. ಇತ್ತ ಕಂದಕ ತುಂಬಿಸುವ ಕೆಲಸ, ಅತ್ತ ಗುಂಡಿನ ಹೊಡೆತ. ಎರಡು ಕೊತ್ತಲಗಳು ಜಖಂಗೊಂಡವು, ಕೆಳಗಿನ ಗೋಡೆಯ ತೆನೆಗಳು ಉದುರಿದವು. ಮಾರ್ಚ್ 29ರಂದು ಲಗ್ಗೆ. ಮುಹಮ್ಮದ್ ಮುರಾದ್ ಎಂಬ ಸರದಾರ ಆಯ್ದ ಪಡೆಯೊಡನೆ ಅಗೆತದಿಂದ ನುಗ್ಗಿ, ಮೀರ್ ಜುಮ್ಲಾನ ತೋಪುಗಳ ಎದುರಿನ ಕೊತ್ತಲಕ್ಕೆ ಏಣಿ ಹಾಕಿದ.

ಮರ್ಜಾನ್ ಇದನ್ನು ನಿರೀಕ್ಷಿಸಿದ್ದ. ಕೊತ್ತಲದ ಹಿಂದೆ ದೊಡ್ಡ ಗುಂಡಿ ತೋಡಿಸಿ ಅದರಲ್ಲಿ ಮದ್ದು, ಬಾಣಬಿರುಸು, ಕೈಗುಂಡುಗಳನ್ನು ತುಂಬಿಸಿದ್ದ. ಹತ್ತಿ ಬಂದವರ ಮೇಲೆ ಎಸೆಯಲು ಸಾಮಗ್ರಿ ಕೈಗೆ ಹತ್ತಿರವಿರಲಿ ಎಂದಿರಬಹುದು, ಕೊತ್ತಲ ಕೈಬಿಟ್ಟರೆ ಶತ್ರುವಿನ ಸಮೇತ ಅದನ್ನು ಸಿಡಿಸುವ ಯೋಚನೆಯೂ ಇದ್ದಿರಬಹುದು. ತನ್ನ ಮಕ್ಕಳು ಮತ್ತು ನಂಬಿಕೆಯ ಜನರೊಡನೆ ತಾನೇ ಅಲ್ಲಿ ನಿಂತಿದ್ದ. ಹೋರಾಟದ ನಡುವೆ ಬಾಣಬಿರುಸೊಂದರ ಕಿಡಿ ಆ ಗುಂಡಿಗೆ ಬಿತ್ತು. ಸ್ಫೋಟದಲ್ಲಿ ಮರ್ಜಾನನೂ ಅವನ ಇಬ್ಬರು ಮಕ್ಕಳೂ ಸುಟ್ಟು ಗಾಯಗೊಂಡರು, ಸುತ್ತಲಿದ್ದ ಅನೇಕರು ಸತ್ತರು. ಮೊಗಲ್ ಬರಹಗಾರರು ಇದನ್ನು ರಾಜಕುಮಾರನ ಅದೃಷ್ಟ ಎಂದು ಕೊಂಡಾಡಿದ್ದಾರೆ. ಹೊಗೆ ಆರುವ ಮೊದಲೇ ಅವರ ಪಡೆ ಒಳಗಿತ್ತು.

ಸಾವಿನ ಹಾಸಿಗೆಯಲ್ಲಿದ್ದ ಮರ್ಜಾನ್ ತನ್ನ ಮಕ್ಕಳ ಕೈಯಲ್ಲಿ ಕೋಟೆಯ ಬೀಗದ ಕೈಗಳನ್ನು ಔರಂಗಜೇಬನಿಗೆ ಕಳುಹಿಸಿದ. ಶರ್ಜಾ, ಗುಂಬದ್ ದರ್ವಾಜಾಗಳ ಸರಣಿ ಕಡೆಯವರೆಗೂ ಬಲಕ್ಕೆ ಬಗ್ಗಲಿಲ್ಲ. ಮೊಗಲರಿಗೆ ಹನ್ನೆರಡು ಲಕ್ಷ ರೂಪಾಯಿ ನಗದು, ಎಂಟು ಲಕ್ಷದ ಮದ್ದು, ಸೀಸ, ಧಾನ್ಯಗಳ ದಾಸ್ತಾನು ಸಿಕ್ಕಿತು. ಈ ಕೊನೆಯ ಲೆಕ್ಕವನ್ನು ಗಮನಿಸಬೇಕು. ಕೋಟೆ ಹಸಿವಿನಿಂದ ಬೀಳಲಿಲ್ಲ, ಮದ್ದು ಮುಗಿದೂ ಬೀಳಲಿಲ್ಲ. ಉಗ್ರಾಣ ತುಂಬಿರುವಾಗಲೇ ಬಿತ್ತು.

ಬಾಗಿಲಿಗೆ ಎಷ್ಟು ಅಂಕ?

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದರಲ್ಲಿ ಹುರುಳೂ ಇದೆ. ತೋಪಿನ ಕಾಲದಲ್ಲಿ ಬಾಗಿಲನ್ನು ಯಾರು ಕೇಳುತ್ತಾರೆ? ಗೋಡೆಯನ್ನೇ ಹೊಡೆದು ಉರುಳಿಸುವ ಶಕ್ತಿ ಬಂದ ಮೇಲೆ ತಿರುವು, ಮುಳ್ಳು, ದಿಡ್ಡಿಗಳೆಲ್ಲ ಹಳೆಯ ಕಾಲದ ಸಾಮಾನು. ಮೀರ್ ಜುಮ್ಲಾ ಬಾಗಿಲಿಗೆ ಹೆದರಿ ದೂರ ಹೋಗಲಿಲ್ಲ, ಅದರ ಅಗತ್ಯವೇ ಅವನಿಗೆ ಬೀಳಲಿಲ್ಲ ಎಂದು ವಾದಿಸಬಹುದು.

ನಾನು ಇದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಬಾಗಿಲು ನಿಜಕ್ಕೂ ದುರ್ಬಲವಾಗಿದ್ದಿದ್ದರೆ ತೋಪಿಗೆ ಅದೇ ಸುಲಭದ ಗುರಿ. ಮರದ ಕದ ಒಡೆಯಲು ದಪ್ಪನೆಯ ಗೋಡೆ ಒಡೆಯುವಷ್ಟು ಮದ್ದು ಬೇಕಿಲ್ಲ; ಕಂದಕ ದಾಟುವ ದಾರಿಯಂತೂ ಅಲ್ಲಿ ಸಿದ್ಧವೇ ಇದೆ. ಆದರೆ ಮೂರು ಬಾಗಿಲುಗಳ ಸರಣಿಯಲ್ಲಿ ಹೊರಗೆ ನಿಂತವನ ತೋಪಿಗೆ ಮೊದಲನೆಯದು ಮಾತ್ರ ಕಾಣುತ್ತದೆ. ಅದನ್ನು ಒಡೆದರೆ ಸಿಗುವುದು ಒಂದು ಇಕ್ಕಟ್ಟಿನ ಅಂಗಳ. ಎರಡನೆಯದನ್ನು ಹೊಡೆಯಬೇಕಾದರೆ ತೋಪನ್ನು ಆ ಅಂಗಳದೊಳಗೆ ಎಳೆದು ತಂದು, ಸುತ್ತಲಿನ ಗೋಡೆಗಳಿಂದ ಬೀಳುವ ಗುಂಡಿನ ನಡುವೆ ತಿರುಗಿಸಿ ನಿಲ್ಲಿಸಬೇಕು. ಆನೆಯ ಓಟ ಮುರಿಯಲು ಮಾಡಿದ ತಿರುವು ತೋಪಿನ ಗುಂಡಿನ ಓಟವನ್ನೂ ಮುರಿಯಿತು. 1430ರ ಹೊತ್ತಿನ ಶಿಲ್ಪಿ ಅದನ್ನು ಯೋಚಿಸಿರಲಾರ. ಆದರೂ ಅವನ ಲೆಕ್ಕ ಇನ್ನೂರು ವರ್ಷದ ನಂತರವೂ ಸರಿಯಾಗಿಯೇ ಇತ್ತು. ಹೀಗಾಗಿ ಮೀರ್ ಜುಮ್ಲಾ ಅತ್ಯಂತ ದುಬಾರಿ ದಾರಿಯನ್ನೇ ಹಿಡಿಯಬೇಕಾಯಿತು: ಕಂದಕ ತುಂಬು, ಕೊತ್ತಲ ಹೊಡೆ, ಏಣಿ ಹಾಕು. ಅಷ್ಟಾದ ಮೇಲೂ ಕಿಡಿ ಬೀಳದೆ ಹೋಗಿದ್ದರೆ ಆ ಲಗ್ಗೆ ಗೆಲ್ಲುತ್ತಿತ್ತೇ ಎಂಬುದು ಹೇಳಲಾಗದ ಮಾತು.

ಬೀದರಿನ ಬೆನ್ನಿಗೇ ಬಂದ ಕಲ್ಯಾಣದ ಮುತ್ತಿಗೆಯೂ, ಅಂದರೆ ಇಂದಿನ ಬಸವಕಲ್ಯಾಣದ್ದು, ಈ ಓದಿಗೆ ಬೆಂಬಲ ಕೊಡುತ್ತದೆ. ಅದೇ ಸೇನೆ, ಅದೇ ಮೀರ್ ಜುಮ್ಲಾ, ಅದೇ ವರ್ಷದ ಮೇ ತಿಂಗಳು. ಅಲ್ಲಿಯೂ ಮೊಗಲರು ಬಾಗಿಲಿನ ಗೊಡವೆಗೆ ಹೋಗಲಿಲ್ಲ. ಕಂದಕಕ್ಕೆ ಗಿಡಗಂಟಿ ತುಂಬಿದರು. ಒಳಗಿನವರು ಮೇಲಿನಿಂದ ಮದ್ದು, ಉರಿಯುವ ಹುಲ್ಲು ಎಸೆದು ಅದನ್ನು ಸುಟ್ಟರು. ಮತ್ತೆ ಕಲ್ಲು ಮಣ್ಣು ತಂದು ತುಂಬಬೇಕಾಯಿತು. ಮರ್ಜಾನನ ಕೊತ್ತಲದ ಹಿಂದೆ ಬಿದ್ದಂಥ ಕಿಡಿ ಕಲ್ಯಾಣದಲ್ಲಿ ಬೀಳಲಿಲ್ಲ. ಕಿಲ್ಲೇದಾರ ದಿಲಾವರ್ ಖಾನ್ ಆಗಸ್ಟ್ ಮೊದಲ ದಿನದವರೆಗೆ ತಡೆದು ನಿಂತು, ಕೊನೆಗೆ ಬೀಗದ ಕೈಗಳನ್ನು ಒಪ್ಪಿಸಿದ. ಬೀದರಿನಲ್ಲಿ 27 ದಿನ ಹಿಡಿದ ಕೆಲಸಕ್ಕೆ ಇಲ್ಲಿ ಸುಮಾರು ಮೂರು ತಿಂಗಳು. ಆ ವ್ಯತ್ಯಾಸದ ದೊಡ್ಡ ಪಾಲು ಒಂದು ಗುಂಡಿ ಮದ್ದಿನದು ಎಂಬುದು ನನ್ನ ಅಂದಾಜು. ಮರ್ಜಾನನ ತಪ್ಪು ಧೈರ್ಯದ್ದಲ್ಲ, ದಾಸ್ತಾನಿನದು: ಹೋರಾಟ ನಡೆಯುವ ಜಾಗದಲ್ಲಿಯೇ ಅಷ್ಟು ಮದ್ದನ್ನು ಬಯಲಾಗಿ ಕೂಡಿಹಾಕಿದ್ದು.

ಗೆದ್ದವರೂ ಅದರಿಂದ ಪಾಠ ಕಲಿತಂತಿಲ್ಲ. ಬಹಮನಿಗಳ ಮಂತ್ರಿ ಮಹಮೂದ್ ಗಾವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಮೊಗಲರ ಕಾಲದಲ್ಲಿ ಸೈನಿಕರ ಬಿಡಾರವಾಗಿ, ಮದ್ದಿನ ಉಗ್ರಾಣವಾಗಿ, 1695ರ ಸುಮಾರಿಗೆ ಸ್ಫೋಟಕ್ಕೆ ಸಿಕ್ಕಿ ಅದರ ಒಂದು ಪಾರ್ಶ್ವ ಹಾರಿಹೋಯಿತು. ಸಿಡಿಲು ಬಡಿಯಿತು ಎಂದೂ ಹೇಳುತ್ತಾರೆ. ಬೀದರಿಗೆ ಬರುವವರು ಮೊದಲು ನೋಡುವ ಕಟ್ಟಡ ಅರ್ಧ ಮಾತ್ರ ಉಳಿದಿರುವುದು ಹೀಗೆ.

ಬಾಗಿಲುಗಳ ವಿಷಯದಲ್ಲಿ ಮಾತ್ರ ಅವರು ಚೊಕ್ಕವಾಗಿದ್ದರು. ಔರಂಗಜೇಬ ಊರಿಗೆ ಜಫರಾಬಾದ್ ಎಂದು ಹೆಸರಿಟ್ಟ, ಬಹಮನಿಗಳ ಮಸೀದಿಯಲ್ಲಿ ತಂದೆಯ ಹೆಸರಿನಲ್ಲಿ ಖುತ್ಬಾ, ಅಂದರೆ ಪ್ರಾರ್ಥನೆಯ ಪ್ರವಚನ, ಓದಿಸಿದ. 1671ರ ಸುಮಾರಿಗೆ ಸುಬೇದಾರ ಮುಖ್ತಾರ್ ಖಾನ್ ನಗರದ ಶಾಹಗಂಜ್ ಮತ್ತು ಮಂಗಲ್‌ಪೇಟ್ ಬಾಗಿಲುಗಳನ್ನು ಹೊಸದಾಗಿ ಕಟ್ಟಿಸಿ ಶಾಸನ ಹಾಕಿಸಿದ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಇಲ್ಲಿ ನೆನಪಾದರೂ ಹೊಂದುವುದಿಲ್ಲ. ಕೊತ್ತಲ ಹತ್ತಿ ಊರು ಹಿಡಿದವರಿಗೆ ಕೊತ್ತಲ ಹತ್ತುವುದರ ಬೆಲೆ ಗೊತ್ತಿತ್ತು. ಮುಂದೆ ಬರುವವನೂ ಅದೇ ಬೆಲೆ ತೆರಲಿ ಎಂದು ಅವರು ಬಾಗಿಲಿಗೆ ಹಣ ಸುರಿದರು.